ಪಡಸಾಲೆಗೆ ಬಂದ ರಣಭೂಮಿ

ನ್ಯೂಯಾರ್ಕ್ ನಗರದಲ್ಲಿ ಬ್ರಾಡ್‌ವೇ ಎಂಬ ರಾಜಬೀದಿಯನ್ನು ಹತ್ತನೆಯ ಬೀದಿಯು ಕೂಡುವಲ್ಲಿ ಮ್ಯಾಥ್ಯೂ ಬ್ರೇಡಿ ಎಂಬ ಪ್ರಖ್ಯಾತ ಛಾಯಾಗ್ರಾಹಕನ ಚಿತ್ರಶಾಲೆಯೊಂದಿದ್ದಿತು. ದೇಶದ ರಾಜಕಾರಣಿಗಳು, ದಂಡನಾಯಕರು, ನಟಿಯರು, ಹೆಸರುಳ್ಳವರೆಲ್ಲರೂ ಅಲ್ಲಿ ಕುಳಿತು ತಮ್ಮ ಭಾವಚಿತ್ರ ತೆಗೆಸಿಕೊಂಡಿದ್ದರು. ಆ ಚಿತ್ರಗಳನ್ನು ನೋಡಿ ಬರುವುದು ಊರಿನವರಿಗೆ ಬಿಡುವಿನ ವೇಳೆಯ ಒಂದು ವಿನೋದವಾಗಿದ್ದಿತು. 1862ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಅದೇ ಚಿತ್ರಶಾಲೆಯ ಬಾಗಿಲಿನಲ್ಲಿ ಸಣ್ಣದೊಂದು ಫಲಕ ತೂಗಾಡತೊಡಗಿತು. ಅದರ ಮೇಲೆ ‘ಆಂಟೀಟಮ್‌ನ ಮೃತರು’ ಎಂದಷ್ಟೇ ಬರೆದಿದ್ದಿತು.

ಜನ ಗುಂಪುಗುಂಪಾಗಿ ಮೆಟ್ಟಿಲು ಹತ್ತಿದರು. ಒಳಗೆ ಮಾತಿಲ್ಲ. ಗೋಡೆಯ ಮೇಲಿನ ಮತ್ತು ಮೇಜಿನ ಮೇಲಿನ ಚಿಕ್ಕ ಚಿಕ್ಕ ಚಿತ್ರಗಳ ಮೇಲೆ ಬಾಗಿ ನಿಂತವರು ಅಲ್ಲಿಂದ ಕದಲುತ್ತಿರಲಿಲ್ಲ. ಅಕ್ಟೋಬರ್ 20ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಈ ಪ್ರದರ್ಶನವನ್ನು ಕುರಿತು ಬರೆಯಿತು. ಬ್ರೇಡಿಯು ಹೆಣಗಳನ್ನೇ ಹೊತ್ತು ತಂದು ನಮ್ಮ ಮನೆಯಂಗಳದಲ್ಲಿ ಇಳಿಸಿಲ್ಲ, ಆದರೆ ಮಾಡಿರುವುದು ಹೆಚ್ಚುಕಡಿಮೆ ಅದನ್ನೇ ಎಂಬುದು ಆ ಬರಹದ ತಾತ್ಪರ್ಯ. ಭೂತಗನ್ನಡಿ ಹಿಡಿದು ನೋಡಿದರೆ ಸತ್ತವರ ಮುಖಚಹರೆಯೂ ಗುರುತು ಸಿಗುವಷ್ಟು ಚಿತ್ರಗಳು ಸ್ಪಷ್ಟವಾಗಿವೆ. ಹಾಗೆ ಬಾಗಿ ನೋಡುತ್ತಿರುವ ಹೆಂಗಸೊಬ್ಬಳು ಹೂಳಲೆಂದು ಸಾಲಾಗಿ ಮಲಗಿಸಿದವರ ನಡುವೆ ತನ್ನ ಗಂಡನನ್ನೋ ಮಗನನ್ನೋ ಗುರುತಿಸಿದ ಗಳಿಗೆಯಲ್ಲಿ ಆ ಕೋಣೆಯೊಳಗೆ ತಾನು ಇರಲಾರೆ ಎಂದು ಆ ಲೇಖಕ ಬರೆದನು.

ಅಲ್ಲಿಯವರೆಗೆ ಅಮೆರಿಕೆಯ ಯಾವ ರಣರಂಗದ ಹೆಣಗಳನ್ನೂ, ಅವು ಮಣ್ಣಿಗೆ ಸೇರುವ ಮುನ್ನ, ಯಾವ ಕ್ಯಾಮರಾವೂ ಕಂಡಿರಲಿಲ್ಲ. ಯೂರೋಪಿನಲ್ಲಿಯಾದರೂ, 1855ರಲ್ಲಿ ಕ್ರೈಮಿಯಾದ ಯುದ್ಧಕ್ಕೆ ಹೋಗಿದ್ದ ಆಂಗ್ಲ ಛಾಯಾಗ್ರಾಹಕ ರೋಜರ್ ಫೆಂಟನ್ನನು ಗುಡಾರ, ಕುದುರೆ, ಅಧಿಕಾರಿಗಳು, ಉರುಳಿಬಿದ್ದ ಫಿರಂಗಿಗುಂಡುಗಳು ಇಷ್ಟನ್ನೇ ಚಿತ್ರಿಸಿ ಹಿಂದಿರುಗಿದ್ದನು.

ಒಂದು ಹಗಲಿನ ಕೊಲೆ

ಗುಲಾಮಗಿರಿಯ ಪ್ರಶ್ನೆಯಿಂದ ಇಬ್ಭಾಗವಾದ ಅಮೆರಿಕೆಯ ಉತ್ತರ ಮತ್ತು ದಕ್ಷಿಣದ ರಾಜ್ಯಗಳು 1861ರಿಂದ 1865ರವರೆಗೆ ಬಡಿದಾಡಿದವು. ಆರು ಲಕ್ಷಕ್ಕೂ ಹೆಚ್ಚು ಮಂದಿ ಯೋಧರು ಆ ನಾಲ್ಕು ವರ್ಷಗಳಲ್ಲಿ ಗುಂಡಿಗೂ ರೋಗಕ್ಕೂ ಬಲಿಯಾದರು. ದಕ್ಷಿಣದ ಸೇನಾಪತಿ ರಾಬರ್ಟ್ ಲೀ 1862ರ ಸೆಪ್ಟೆಂಬರಿನಲ್ಲಿ ಪೊಟೋಮ್ಯಾಕ್ ನದಿಯನ್ನು ದಾಟಿ ಉತ್ತರದ ನೆಲಕ್ಕೆ ನುಗ್ಗಿದನು. ಮೇರಿಲ್ಯಾಂಡಿನ ಶಾರ್ಪ್ಸ್‌ಬರ್ಗ್ ಎಂಬ ಚಿಕ್ಕ ಊರಿನ ಬಳಿ, ಆಂಟೀಟಮ್ ಎಂಬ ಹಳ್ಳದ ದಂಡೆಯಲ್ಲಿ, ಸೆಪ್ಟೆಂಬರ್ 17ರಂದು ಎರಡು ಸೈನ್ಯಗಳೂ ಸಂಧಿಸಿದವು. ಬೆಳಗಿನ ಜೋಳದ ಹೊಲದಿಂದ ಸಂಜೆಯ ಕಲ್ಲುಸೇತುವೆಯವರೆಗೆ ನಡೆದ ಆ ಒಂದು ದಿನದ ಕಾಳಗದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿ ಸುಮಾರು 23,000 ಮಂದಿ. ಅಮೆರಿಕೆಯ ಸೈನ್ಯದ ಇತಿಹಾಸದಲ್ಲಿ ಅಷ್ಟು ರಕ್ತ ಹರಿದ ಇನ್ನೊಂದು ದಿನವಿಲ್ಲ. ಐದು ದಿನ ಕಳೆದು ಅಧ್ಯಕ್ಷ ಲಿಂಕನ್ನನು ಗುಲಾಮರ ವಿಮೋಚನೆಯ ಪ್ರಥಮ ಘೋಷಣೆಯನ್ನು ಹೊರಡಿಸಿದುದು ಈ ಕಾಳಗದ ಬಲದ ಮೇಲೆಯೇ.

ಲೀ 18ರ ರಾತ್ರಿ ತನ್ನ ಸೈನ್ಯವನ್ನು ನದಿಯಾಚೆಗೆ ಹಿಂದೆಗೆದುಕೊಂಡನು. ರಣಭೂಮಿ ಉತ್ತರದವರ ವಶವಾಯಿತು. ಬ್ರೇಡಿಯ ವಾಷಿಂಗ್ಟನ್ ಚಿತ್ರಶಾಲೆಯನ್ನು ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡರ್ ಗಾರ್ಡ್ನರ್ ತನ್ನ ಸಹಾಯಕ ಜೇಮ್ಸ್ ಗಿಬ್ಸನ್ನನೊಡನೆ ಅಲ್ಲಿಗೆ ಬಂದು 19ರಿಂದ ಚಿತ್ರ ತೆಗೆಯತೊಡಗಿದನು. ಗಾರ್ಡ್ನರ್ 1821ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು. ಅಮೆರಿಕೆಗೆ ಬಂದು ಆರೇ ವರ್ಷಗಳಾಗಿದ್ದವು. ಪ್ರದರ್ಶನದ ಹಿರಿಮೆಯೆಲ್ಲ ಬ್ರೇಡಿಗೆ ಸಂದರೂ ಆ ಮೂಲಫಲಕಗಳನ್ನು ತೆಗೆದ ಕೈಗಳು ಇವರಿಬ್ಬರವು. ಬ್ರೇಡಿಯು ಅಲ್ಲಿಗೆ ಹೋಗಿರಲಿಲ್ಲ. ಆತನ ದೃಷ್ಟಿಯೂ ಆ ವೇಳೆಗೆ ಮಂದವಾಗಿದ್ದಿತು. ಈ ಅನ್ಯಾಯಕ್ಕೋ ಬೇರೆ ಕಾರಣಕ್ಕೋ ಗಾರ್ಡ್ನರ್ ಬಹುಬೇಗ ಅವನನ್ನು ಬಿಟ್ಟು 1863ರಲ್ಲಿ ಸ್ವಂತ ಚಿತ್ರಶಾಲೆಯನ್ನು ತೆರೆದನು.

ಗೆದ್ದವರು ತಮ್ಮವರನ್ನು ಮೊದಲು ಹೂಳುತ್ತಾರೆ. ಆದುದರಿಂದ ಗಾರ್ಡ್ನರನ ಕ್ಯಾಮರಾಕ್ಕೆ ಕಾಣಸಿಕ್ಕಿದವರಲ್ಲಿ ಬಹುಮಂದಿ ದಕ್ಷಿಣದ ಸೈನಿಕರು. ನ್ಯೂಯಾರ್ಕಿನ ಜನ ಕಣ್ಣರಳಿಸಿ ನೋಡಿದ್ದು ಹೆಚ್ಚಾಗಿ ಶತ್ರುಗಳ ಶವಗಳನ್ನು. ಆದರೆ ಮೂರು ದಿನ ಬಿಸಿಲಿನಲ್ಲಿ ಬಿದ್ದು ಉಬ್ಬಿದ ದೇಹದ ಮೇಲೆ ಪಕ್ಷದ ಗುರುತು ಎಷ್ಟು ಉಳಿದೀತು?

ಎರಡು ಕಣ್ಣಿನ ಕ್ಯಾಮರಾ

ಆಂಟೀಟಮ್‌ನಲ್ಲಿ ಗಾರ್ಡ್ನರ್ ತೆಗೆದ ಸುಮಾರು ಎಪ್ಪತ್ತು ಚಿತ್ರಗಳಲ್ಲಿ ಬಹುಪಾಲು ಇಂದು ಪುಸ್ತಕಗಳಲ್ಲಿ ಕಾಣುವಂತಹ ಒಂಟಿಚಿತ್ರಗಳಾಗಿರಲಿಲ್ಲ, ಜೋಡಿಚಿತ್ರಗಳಾಗಿದ್ದವು. ಈ ಸಂಗತಿ ಮರೆತುಹೋಗಿರುವುದರಿಂದ ಅವು ಆ ಕಾಲದ ಜನರ ಮೇಲೆ ಮಾಡಿದ ಪರಿಣಾಮವೂ ಅರ್ಧ ಮರೆತುಹೋಗಿದೆ.

ಮನುಷ್ಯನ ಎರಡು ಕಣ್ಣುಗಳ ನಡುವೆ ಸುಮಾರು ಎರಡೂವರೆ ಅಂಗುಲದ ಅಂತರವಿದೆ. ಮೂಗಿನೆದುರು ಬೆರಳೊಂದನ್ನು ಹಿಡಿದು ಒಮ್ಮೆ ಬಲಗಣ್ಣನ್ನೂ ಒಮ್ಮೆ ಎಡಗಣ್ಣನ್ನೂ ಮುಚ್ಚಿ ನೋಡಿದರೆ ಬೆರಳು ಅತ್ತಿಂದಿತ್ತ ನೆಗೆಯುವಂತೆ ಕಾಣುತ್ತದೆ. ಎರಡು ಕಣ್ಣಿಗೂ ಬೀಳುವುದು ಬೇರೆ ಬೇರೆ ಚಿತ್ರ. ಮಿದುಳು ಇವೆರಡನ್ನೂ ಬೆಸೆದು ಹತ್ತಿರ ದೂರಗಳ ಅರಿವನ್ನು ಕೊಡುತ್ತದೆ. ಇದನ್ನು 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿಜ್ಞಾನಿ ಕನ್ನಡಿಗಳ ಉಪಕರಣವೊಂದರಿಂದ ತೋರಿಸಿಕೊಟ್ಟು ಅದಕ್ಕೆ ಸ್ಟೀರಿಯೋಸ್ಕೋಪ್ ಎಂದು ಹೆಸರಿಟ್ಟನು. ಡೇವಿಡ್ ಬ್ರೂಸ್ಟರ್ 1849ರಲ್ಲಿ ಮಸೂರಗಳಿರುವ ಪುಟ್ಟ ಪೆಟ್ಟಿಗೆಯೊಂದನ್ನು ರಚಿಸಿದನು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿ ಅದನ್ನು ಮೆಚ್ಚಿದಳೆಂಬ ಸುದ್ದಿ ಹರಡಿದ್ದೇ ತಡ, ಅದು ಮನೆಮನೆಯ ವಸ್ತುವಾಯಿತು. ನಮ್ಮಲ್ಲಿ ಮಕ್ಕಳು ಕಣ್ಣಿಗಿಟ್ಟುಕೊಂಡು ನೋಡುತ್ತಿದ್ದ ‘ವ್ಯೂ ಮಾಸ್ಟರ್’ ಆಟಿಕೆಯನ್ನು ಕಂಡವರಿಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ.

ಜೋಡಿಚಿತ್ರ ತೆಗೆಯುವ ಕ್ಯಾಮರಾಕ್ಕೆ ಎರಡು ಮಸೂರ. ಒಂದೇ ಗಾಜಿನ ಫಲಕದ ಮೇಲೆ ಪಕ್ಕಪಕ್ಕದಲ್ಲಿ ಎರಡು ಬಿಂಬಗಳು ಮೂಡುತ್ತಿದ್ದವು. ಮೊಟ್ಟೆಯ ಬಿಳಿಯ ಲೋಳೆ ಬಳಿದ ಕಾಗದದ ಮೇಲೆ ಅವನ್ನು ಅಚ್ಚು ತೆಗೆದು, ಕತ್ತರಿಸಿ, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಮಾಡಿ ಏಳು ಅಂಗುಲದ ರಟ್ಟಿಗೆ ಅಂಟಿಸಬೇಕು. ಮಸೂರ ಬಿಂಬವನ್ನು ತಿರುಗಿಸುವುದರಿಂದ ಈ ಅದಲುಬದಲು ಅಗತ್ಯ. ಮರೆತರೆ ಹಿಂದಿನ ಬೆಟ್ಟ ಮುಂದಕ್ಕೂ ಮುಂದಿನ ಮರ ಹಿಂದಕ್ಕೂ ಹೋಗಿ ಲೋಕವೇ ತಿರುವುಮುರುವಾಗುತ್ತದೆ.

ಆದರೆ ರಣರಂಗದಲ್ಲಿ ಇದನ್ನೆಲ್ಲ ಮಾಡುವ ಕಷ್ಟ ಎಷ್ಟೆಂಬುದನ್ನು ಇಂದಿನ ಛಾಯಾಗ್ರಾಹಕರು ಊಹಿಸುವುದೂ ಕಷ್ಟ. ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಿಸಬೇಕು. ಕತ್ತಲಲ್ಲಿ ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ಅದ್ದಬೇಕು. ಅದು ಹಸಿಯಾಗಿರುವಾಗಲೇ ಕ್ಯಾಮರಾಕ್ಕೆ ಒಯ್ದು ಬಿಂಬ ಹಿಡಿದು, ಓಡಿ ಬಂದು, ಒಣಗುವ ಮುನ್ನ ಸಂಸ್ಕರಿಸಬೇಕು. ಎಲ್ಲಕ್ಕೂ ಸೇರಿ ಸಿಕ್ಕುವ ಸಮಯ ಸುಮಾರು ಹತ್ತು ನಿಮಿಷ. ಕುದುರೆಯ ಗಾಡಿಗೆ ಕಪ್ಪು ಬಟ್ಟೆ ಹೊದಿಸಿ ಮಾಡಿಕೊಂಡಿದ್ದ ಕತ್ತಲೆಕೋಣೆಯೇ ಅವರ ಪ್ರಯೋಗಶಾಲೆ. ಒಳಗೆ ಈಥರಿನ ಘಾಟು. ಹೊರಗೆ ಕೊಳೆಯುವ ಕುದುರೆಗಳ ನಾತ. ಬಿಂಬ ಮೂಡಲು ಕೆಲವು ಸೆಕೆಂಡುಗಳಾದರೂ ಹಿಡಿಯುತ್ತಿದ್ದುದರಿಂದ ಅಲುಗಿದ್ದೆಲ್ಲ ಮಸುಕಾಗುತ್ತಿದ್ದಿತು. ಕಾದಾಟದ ಚಿತ್ರ ತೆಗೆಯುವುದು ಸಾಧ್ಯವೇ ಇರಲಿಲ್ಲ. ಕ್ಯಾಮರಾದ ಮುಂದೆ ಕದಲದೆ ಇದ್ದವರು ಸತ್ತವರು ಮಾತ್ರ.

ಜೋಡಿಚಿತ್ರದ ಕುಶಲಿಗರಿಗೆ ಒಂದು ಅಭ್ಯಾಸವಿದ್ದಿತು. ಜಲಪಾತವನ್ನೋ ಕಣಿವೆಯನ್ನೋ ತೆಗೆಯುವಾಗ ಎದುರಿಗೆ ಒಂದು ಬಂಡೆ, ಒಂದು ಮರದ ಕೊಂಬೆ, ಒಂದು ಬೇಲಿ ಇರುವಂತೆ ನೋಡಿಕೊಳ್ಳುವರು. ಹತ್ತಿರದ ವಸ್ತುವಿದ್ದರೆ ದೂರದ ಆಳ ಎದ್ದು ಕಾಣುತ್ತದೆ. ಗಾರ್ಡ್ನರ್ ಆಂಟೀಟಮ್‌ನಲ್ಲಿ ಮಾಡಿದುದೂ ಇದನ್ನೇ. ಹೇಗರ್ಸ್‌ಟೌನಿಗೆ ಹೋಗುವ ಹೆದ್ದಾರಿಯ ಬೇಲಿಯ ಗುಂಟ ಬಿದ್ದ ದಕ್ಷಿಣದ ಸೈನಿಕರ ಚಿತ್ರವನ್ನು ಬರಿಗಣ್ಣಿನಿಂದ ನೋಡಿದರೆ ಅದು ಬೂದುಬಣ್ಣದ ಒಂದು ಗೋಜಲು. ಸ್ಟೀರಿಯೋಸ್ಕೋಪಿನಲ್ಲಿಟ್ಟಾಗ ಬೇಲಿ ಒಮ್ಮೆಗೇ ದೂರಕ್ಕೆ ಓಡುತ್ತದೆ. ಒಬ್ಬನ ಮೊಣಕಾಲು ನೋಡುವವನ ಕಡೆಗೆ ಚಾಚುತ್ತದೆ. ಇನ್ನೊಬ್ಬನ ಕೈ ನೆಲದಿಂದ ಬೇರ್ಪಟ್ಟು ಗಾಳಿಯಲ್ಲಿ ನಿಲ್ಲುತ್ತದೆ. ಪ್ರವಾಸಿಗರ ನೋಟಕ್ಕಾಗಿ ಬೆಳೆದ ಕಲೆಯಲ್ಲಿ ಬಂಡೆಯೂ ಕೊಂಬೆಯೂ ಇರುತ್ತಿದ್ದ ಸ್ಥಾನಕ್ಕೆ ಹೆಣ ಬಂದಿತು. ಇದನ್ನು ಗಾರ್ಡ್ನರನ ಕ್ರೌರ್ಯವೆನ್ನುವುದು ಸರಿಯಲ್ಲ. ಅವನು ತನಗೆ ತಿಳಿದ ಕಸುಬನ್ನು ಮಾಡಿದನು.

ಡಂಕರ್ ಪಂಥದವರ ಬಿಳಿಯ ಪ್ರಾರ್ಥನಾಮಂದಿರದೆದುರು ತೆಗೆದ ಚಿತ್ರವೂ ಹೀಗೆಯೇ. ಮುಂದುಗಡೆ ಫಿರಂಗಿಯ ಮದ್ದುಗುಂಡಿನ ಗಾಡಿ, ಅದರ ಸುತ್ತ ಹೆಣಗಳು, ಹಿಂದೆ ಗುಂಡೇಟಿನಿಂದ ತೂತುಬಿದ್ದ ಗೋಡೆ. ಯುದ್ಧವೇ ಪಾಪವೆಂದು ನಂಬಿ ಆಯುಧ ಮುಟ್ಟದೆ ಬಾಳಿದ ರೈತರ ಗುಡಿ ಅದು.

ಅಂದಿನ ಪತ್ರಿಕೆಗಳಿಗೆ ಛಾಯಾಚಿತ್ರವನ್ನು ಇದ್ದಂತೆಯೇ ಅಚ್ಚುಮಾಡುವ ವಿಧಾನ ತಿಳಿದಿರಲಿಲ್ಲ. ‘ಹಾರ್ಪರ್ಸ್ ವೀಕ್ಲಿ’ ಈ ಚಿತ್ರಗಳನ್ನು ಮರದ ಅಚ್ಚಿನಲ್ಲಿ ಕೊರೆಯಿಸಿ ಅಕ್ಟೋಬರ್ 18ರ ಸಂಚಿಕೆಯಲ್ಲಿ ಪ್ರಕಟಿಸಿತು. ಕೆತ್ತುವವನ ಉಳಿಯಿಂದ ಹಾದುಬಂದ ಮೇಲೆ ಕಠೋರತೆ ತಕ್ಕಮಟ್ಟಿಗೆ ಸವೆದಿದ್ದಿತು. ಸವೆಯದ ಸತ್ಯ ಬೇಕಾದವರು ರಟ್ಟಿನ ಜೋಡಿಚಿತ್ರಗಳನ್ನು ಕೊಂಡು ಮನೆಗೆ ಒಯ್ದರು. ರಾತ್ರಿಯ ಊಟವಾದ ಮೇಲೆ ಪಡಸಾಲೆಯಲ್ಲಿ ದೀಪದ ಬಳಿ ಕುಳಿತು ರೋಮಿನ ಅವಶೇಷಗಳನ್ನೂ ನಯಾಗರ ಜಲಪಾತವನ್ನೂ ನೋಡುತ್ತಿದ್ದ ಅದೇ ಉಪಕರಣದಲ್ಲಿ ಈಗ ಆಂಟೀಟಮ್‌ನ ರಸ್ತೆ.

ಮಗನನ್ನು ಹುಡುಕಿದ ತಂದೆ

ಆ ಉಪಕರಣವನ್ನು ಅಷ್ಟು ಮನೆಗಳಿಗೆ ಮುಟ್ಟಿಸಿದ ಕೀರ್ತಿ ಬಾಸ್ಟನ್ ನಗರದ ಡಾಕ್ಟರ್ ಆಲಿವರ್ ವೆಂಡೆಲ್ ಹೋಮ್ಸನದು. ವೈದ್ಯ, ಹಾರ್ವರ್ಡಿನಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕ, ಕವಿ, ಲಲಿತಪ್ರಬಂಧಕಾರ—ಎಲ್ಲವೂ ಆಗಿದ್ದ ಆತನಿಗೆ ಜೋಡಿಚಿತ್ರಗಳ ಹುಚ್ಚು. ಪೆಟ್ಟಿಗೆಯನ್ನು ತೆಗೆದುಹಾಕಿ, ಒಂದು ಹಿಡಿ, ಕಣ್ಣಿಗೆ ಮರೆ, ಎರಡು ಮಸೂರ, ರಟ್ಟನ್ನು ಹಿಂದೆಮುಂದೆ ಸರಿಸುವ ಒಂದು ಕಡ್ಡಿ, ಇಷ್ಟರಲ್ಲೇ ಮುಗಿಯುವ ಹಗುರವಾದ ಸ್ಟೀರಿಯೋಸ್ಕೋಪೊಂದನ್ನು ಆತ ಯೋಜಿಸಿದನು. 1861ರ ವೇಳೆಗೆ ಅದು ಮಾರಾಟಕ್ಕೆ ಬಂದಿತು. ಬೇಕೆಂದೇ ಆತ ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಯಾರು ಬೇಕಾದರೂ ಮಾಡಿ ಮಾರಿದರು.

ಹೋಮ್ಸನ ಹಿರಿಯ ಮಗ, ತಂದೆಯ ಹೆಸರನ್ನೇ ಹೊತ್ತ ಇಪ್ಪತ್ತೊಂದು ವರ್ಷದ ತರುಣ, ಇಪ್ಪತ್ತನೆಯ ಮ್ಯಾಸಚೂಸೆಟ್ಸ್ ಪದಾತಿದಳದಲ್ಲಿ ಕ್ಯಾಪ್ಟನ್ ಆಗಿದ್ದನು. ಆಂಟೀಟಮ್‌ನ ಕಾಳಗದಲ್ಲಿ ಗುಂಡೊಂದು ಅವನ ಕುತ್ತಿಗೆಯನ್ನು ಹಾಯ್ದು ಹೋಯಿತು. ಆ ದಿನದ ರಾತ್ರಿ ಬಾಸ್ಟನ್ನಿನ ಮನೆಗೆ ತಂತಿ ಬಂದಿತು: ಕುತ್ತಿಗೆಗೆ ಗಾಯ, ಪ್ರಾಣಾಪಾಯವಿಲ್ಲವೆಂದು ತೋರುತ್ತದೆ. ವೈದ್ಯನಾದವನಿಗೆ ಕುತ್ತಿಗೆಯಲ್ಲಿ ಏನೇನಿದೆಯೆಂಬುದು ಚೆನ್ನಾಗಿ ಗೊತ್ತು. ತಂದೆ ಮರುದಿನವೇ ಹೊರಟನು.

ರೈಲು, ಗಾಡಿ, ಮತ್ತೆ ಗಾಡಿ. ಗಾಯಾಳುಗಳು ತುಂಬಿದ ಚರ್ಚುಗಳಲ್ಲಿ, ಕೊಟ್ಟಿಗೆಗಳಲ್ಲಿ, ಒಂದೊಂದು ಚಾಪೆಯ ಬಳಿಯೂ ನಿಂತು ಮುಖ ನೋಡುತ್ತ ಹೋದನು. ಕೀಡಿಸ್‌ವಿಲ್ ಎಂಬ ಊರಿಗೆ ಹೋದರೆ ಮಗ ಆಗಲೇ ಅಲ್ಲಿಂದ ಹೊರಟುಹೋಗಿದ್ದನೆಂದು ತಿಳಿಯಿತು. ಅಷ್ಟು ಹತ್ತಿರ ಬಂದವನು ರಣಭೂಮಿಯನ್ನೂ ಕಂಡನು. ಅಲ್ಲಿ ಎಲ್ಲೆಲ್ಲೂ ಹೊಸ ಮಣ್ಣಿನ ದಿಬ್ಬಗಳು, ತುಳಿದ ಜೋಳ, ಚೆಲ್ಲಾಡಿದ ಬಟ್ಟೆ. ಒಂದೆರಡು ಗುಂಡು, ಒಂದು ಗುಂಡಿ, ಸೈನಿಕನ ಸೊಂಟಪಟ್ಟಿಯ ಒಂದು ಹಿತ್ತಾಳೆ ಬಿಲ್ಲೆ ಇವನ್ನು ನೆನಪಿಗೆಂದು ಎತ್ತಿಕೊಂಡನು. ರಿಚ್ಮಂಡ್ ನಗರದ ವಿಳಾಸವಿದ್ದ, ಮುದ್ರೆ ಒಡೆಯದ ಕಾಗದವೊಂದೂ ಸಿಕ್ಕಿತು. ಅದು ಶತ್ರುಗಳ ರಾಜಧಾನಿ. ಅಲ್ಲಿಯೂ ಯಾರೋ ಆ ಕಾಗದಕ್ಕಾಗಿ ಕಾಯುತ್ತಿದ್ದರು.

ಮಗ ಅಷ್ಟು ದಿನವೂ ಹೇಗರ್ಸ್‌ಟೌನಿನಲ್ಲಿ ಕರುಣಾಳುಗಳೊಬ್ಬರ ಮನೆಯಲ್ಲಿ ಉಪಚಾರ ಪಡೆಯುತ್ತಿದ್ದನು. ಕೊನೆಗೆ ಹ್ಯಾರಿಸ್‌ಬರ್ಗ್ ನಿಲ್ದಾಣಕ್ಕೆ ಬಂದ ರೈಲಿನ ಡಬ್ಬಿಯೊಂದರಲ್ಲಿ ತಂದೆ ಅವನನ್ನು ಕಂಡನು. ಇಬ್ಬರೂ ಅಪ್ಪಿಕೊಂಡು ಅಳಲಿಲ್ಲ. ಬೆಳಗಿನ ಉಪಾಹಾರಕ್ಕೆ ಎದುರಾದವರಂತೆ ಪರಸ್ಪರ ಕ್ಷೇಮ ಕೇಳಿದರು. ಆ ಮಗ ಬದುಕಿ, ಮುಂದೆ 1902ರಿಂದ 1932ರವರೆಗೆ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶನಾಗಿ ಲೋಕಪ್ರಸಿದ್ಧನಾದನು.

ತಂದೆ ಮನೆಗೆ ಹಿಂದಿರುಗಿದ ಕೆಲವು ದಿನಗಳ ಮೇಲೆ ಗಾರ್ಡ್ನರನ ಚಿತ್ರಗಳು ಅವನ ಕೈಸೇರಿದವು. ಜೋಡಿಚಿತ್ರಗಳನ್ನು ಸಾವಿರಗಟ್ಟಲೆ ನೋಡಿದ್ದವನು, ಅವುಗಳನ್ನು ಹೊಗಳಿ ‘ಅಟ್ಲಾಂಟಿಕ್’ ಮಾಸಪತ್ರಿಕೆಯಲ್ಲಿ ಬರೆದಿದ್ದವನು, ಇವನ್ನು ನೋಡಿ ತತ್ತರಿಸಿದನು. 1863ರ ಜುಲೈ ಸಂಚಿಕೆಯಲ್ಲಿ ಆತ ಅದನ್ನು ಮರೆಮಾಚದೆ ಬರೆದನು. ಯುದ್ಧವೆಂದರೇನೆಂದು ತಿಳಿಯಬೇಕಾದವನು ಈ ಚಿತ್ರಗಳನ್ನು ನೋಡಲಿ ಎಂದನು. ಆದರೆ ತಾನು ಆ ನೆಲವನ್ನು ಮೆಟ್ಟಿ ಬಂದವನಾದುದರಿಂದ, ನೋಡಿದೊಡನೆ ಅಂದಿನ ಭಾವನೆಗಳೆಲ್ಲ ಮರುಕಳಿಸಿದುವೆಂದೂ, ಆ ಛಿದ್ರ ದೇಹಗಳನ್ನೇ ಹೂಳುವಂತೆ ಆ ಚಿತ್ರಗಳನ್ನು ಕಪಾಟಿನ ಮೂಲೆಯಲ್ಲಿ ಹೂತಿಟ್ಟೆನೆಂದೂ ಒಪ್ಪಿಕೊಂಡನು.

ಹೊತ್ತು ಸಾಗಿಸಿದ ದೇಹ

ಹೋಮ್ಸನ ಲೇಖನ ಪ್ರಕಟವಾದ ತಿಂಗಳಲ್ಲೇ, 1863ರ ಜುಲೈ 1ರಿಂದ 3ರವರೆಗೆ, ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗಿನಲ್ಲಿ ಇನ್ನೂ ದೊಡ್ಡ ಕಾಳಗ ನಡೆಯಿತು. ಗಾರ್ಡ್ನರ್, ಗಿಬ್ಸನ್ ಮತ್ತು ತಿಮೊಥಿ ಓಸಲಿವನ್ ಮೂವರೂ 5ರ ಸುಮಾರಿಗೆ ಅಲ್ಲಿಗೆ ಮುಟ್ಟಿದರು. ಅವರು ತೆಗೆದ ಅರವತ್ತರಷ್ಟು ಚಿತ್ರಗಳಲ್ಲಿ ಮುಕ್ಕಾಲು ಪಾಲು ಹೆಣ, ತೆರೆದ ಗೋರಿ, ಸತ್ತ ಕುದುರೆ. ನ್ಯೂಯಾರ್ಕಿನ ಜನ ಏನನ್ನು ನೋಡಲು ಸಾಲುಗಟ್ಟಿದ್ದರೆಂಬುದು ಈಗ ಅವರಿಗೆ ತಿಳಿದಿದ್ದಿತು.

ಅವುಗಳಲ್ಲಿ ಜಗತ್ಪ್ರಸಿದ್ಧವಾದುದು ಒಂದು. ‘ಡೆವಿಲ್ಸ್ ಡೆನ್’ ಎಂದು ಹೆಸರುಳ್ಳ ಹೆಬ್ಬಂಡೆಗಳ ನಡುವೆ ಕಲ್ಲು ಪೇರಿಸಿದ ಗೋಡೆ. ಅದರ ಹಿಂದೆ ಮಲಗಿದ ದಕ್ಷಿಣದ ತರುಣ ಯೋಧ. ಗೋಡೆಗೆ ಒರಗಿಸಿದ ಬಂದೂಕು. ಗುರಿಕಾರನೊಬ್ಬನು ತನ್ನ ಅಡಗುದಾಣದಲ್ಲೇ ಮಡಿದನೆಂದು ಗಾರ್ಡ್ನರ್ ವಿವರಿಸಿದನು. ನವೆಂಬರಿನಲ್ಲಿ ಮತ್ತೆ ಅಲ್ಲಿಗೆ ಹೋದಾಗ ಎಲುಬುಗಳೂ ಬಂದೂಕೂ ಹಾಗೆಯೇ ಇದ್ದುವೆಂದೂ ಸೇರಿಸಿದನು. ನೂರು ವರ್ಷ ಜನ ಇದನ್ನು ನಂಬಿದರು. ನೆನಪಿನ ವಸ್ತುಗಳಿಗಾಗಿ ಮುಗಿಬಿದ್ದು ರಣರಂಗವನ್ನೆಲ್ಲ ಜಾಲಾಡಿದವರು ಬಂದೂಕೊಂದನ್ನು ನಾಲ್ಕು ತಿಂಗಳು ಹಾಗೆಯೇ ಬಿಟ್ಟಾರೆಯೇ ಎಂದು ಕೇಳಿದವರು ವಿರಳ.

ವಿಲಿಯಂ ಫ್ರಾಸನಿಟೋ ಎಂಬ ಇತಿಹಾಸಕಾರನು ಹಳೆಯ ಚಿತ್ರಗಳನ್ನು ಕೈಯಲ್ಲಿ ಹಿಡಿದು ಗೆಟಿಸ್‌ಬರ್ಗಿನ ಒಂದೊಂದು ಬಂಡೆಯನ್ನೂ ಹೋಲಿಸಿ ನೋಡಿದನು. ಸೀಳುಬಿಟ್ಟ ಬಂಡೆಯೊಂದರ ಗುರುತಿನಿಂದ, ಬೇರೆಲ್ಲಿಯದೋ ಎಂದು ಹೆಸರಿಟ್ಟಿದ್ದ ಹೆಣಗಳ ಚಿತ್ರಗಳು ರೋಸ್ ಎಂಬ ರೈತನ ಹೊಲದವೆಂದು ಪತ್ತೆಹಚ್ಚಿದನು. 1975ರಲ್ಲಿ ಅವನು ಪ್ರಕಟಿಸಿದ ಗ್ರಂಥವು ಆ ಗುರಿಕಾರನ ಕಥೆಯನ್ನೂ ಬಯಲಿಗೆಳೆಯಿತು. ಅದೇ ತರುಣನ ದೇಹ ಇಳಿಜಾರಿನ ಕೆಳಗೆ ಬೇರೊಂದು ಕಡೆ ಬಿದ್ದಿರುವ ಚಿತ್ರಗಳಿವೆ. ಛಾಯಾಗ್ರಾಹಕರು ಅದನ್ನು ಅಲ್ಲಿಂದ ಸುಮಾರು 72 ಗಜ ಮೇಲಕ್ಕೆ ಹೊತ್ತು ತಂದು ಕಲ್ಲುಗೋಡೆಯ ಹಿಂದೆ ಮಲಗಿಸಿದ್ದರು. ಬಂದೂಕು ಗುರಿಕಾರರು ಬಳಸುವ ಜಾತಿಯದೂ ಅಲ್ಲ. ಇನ್ನೊಂದು ಸಂಗತಿ: 1866ರಲ್ಲಿ ಗಾರ್ಡ್ನರ್ ಹೊರತಂದ ಚಿತ್ರಸಂಪುಟದಲ್ಲಿ ಒಂದೇ ಹೆಣಗಳ ಗುಂಪನ್ನು ಎದುರುಬದುರು ದಿಕ್ಕಿನಿಂದ ತೆಗೆದ ಎರಡು ಚಿತ್ರಗಳಿವೆ. ಒಂದರ ವಿವರಣೆ ಅವರನ್ನು ದಕ್ಷಿಣದ ಬಂಡುಕೋರರೆನ್ನುತ್ತದೆ, ಮಗ್ಗುಲಿನ ಇನ್ನೊಂದು ಉತ್ತರದ ವೀರರೆನ್ನುತ್ತದೆ!

ಭಾರತದ ಓದುಗರಿಗೆ ಇದು ಹೊಸ ವಿದ್ಯೆಯಾಗಿ ತೋರಬೇಕಾಗಿಲ್ಲ. ಐದು ವರ್ಷ ಮೊದಲೇ, 1858ರಲ್ಲಿ, ಫೆಲಿಚೆ ಬಿಯಾಟೋ ಎಂಬ ಛಾಯಾಗ್ರಾಹಕನು ಲಕ್ನೋದ ಸಿಕಂದರ್ ಬಾಗಿನ ಅಂಗಳವನ್ನು ಚಿತ್ರಿಸಿದ್ದನು. ಹಿಂದಿನ ನವೆಂಬರಿನಲ್ಲಿ ಆಂಗ್ಲರ ಸೈನ್ಯ ಅಲ್ಲಿ ಸುಮಾರು ಎರಡು ಸಾವಿರ ಸಿಪಾಯಿಗಳನ್ನು ಕೊಂದಿದ್ದಿತು. ಬಿಯಾಟೋ ಬರುವ ಹೊತ್ತಿಗೆ ತಿಂಗಳುಗಳು ಕಳೆದಿದ್ದರೂ ಅವನ ಚಿತ್ರದಲ್ಲಿ ಎಲುಬುಗಳು ನೆಲದ ತುಂಬ ಹರಡಿವೆ. ಕ್ಯಾಮರಾಕ್ಕಾಗಿಯೇ ಅವನ್ನು ಮಣ್ಣಿನಿಂದ ತೆಗೆಸಿ ಹರಡಿಸಿದನೆಂಬುದು ಅಂದಿನವರ ಹೇಳಿಕೆಯಿಂದಲೇ ತಿಳಿದಿದೆ.

ಇದರಿಂದ ಗಾರ್ಡ್ನರನ ಚಿತ್ರಗಳೆಲ್ಲ ಸುಳ್ಳಾಗುವುದಿಲ್ಲ. ಸತ್ತವನು ನಿಜವಾಗಿ ಸತ್ತಿದ್ದನು. ಸುಳ್ಳು ಸೇರಿದುದು ಅವನಿಗೆ ಒಂದು ಕಥೆಯನ್ನು ಕಟ್ಟಿದಾಗ.

ಗಾಜಿನಲ್ಲಿ ಉಳಿದವರು

ಯುದ್ಧ ಮುಗಿದೊಡನೆ ಜನರಿಗೆ ಈ ಚಿತ್ರಗಳು ಬೇಡವಾದವು. ನೂರು ಚಿತ್ರಗಳಿದ್ದ ಗಾರ್ಡ್ನರನ ಸಂಪುಟದ ಬೆಲೆ 150 ಡಾಲರು, ಕೊಳ್ಳುವವರು ಸಿಕ್ಕಲಿಲ್ಲ. ಯುದ್ಧದ ಚಿತ್ರಗಳಿಗೆ ಕೈಯಲ್ಲಿದ್ದ ಹಣವನ್ನೆಲ್ಲ ಸುರಿದ ಬ್ರೇಡಿ ದಿವಾಳಿಯಾದನು. ಸರ್ಕಾರವು 1875ರಲ್ಲಿ ಅವನಿಗೆ 25,000 ಡಾಲರುಗಳನ್ನು ಕೊಟ್ಟಿತಾದರೂ ಸಾಲ ತೀರಲಿಲ್ಲ. 1896ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಬಡವನಾಗಿ ತೀರಿಕೊಂಡನು. ಕೈ ಬದಲಿಸುತ್ತ ಬಂದ ಸಾವಿರಾರು ಗಾಜಿನ ಫಲಕಗಳನ್ನು 1943ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಕೊಂಡುಕೊಂಡಿತು. ಇಂದು ಅವುಗಳ ಪ್ರತಿಗಳನ್ನು ಯಾರು ಬೇಕಾದರೂ ದೊಡ್ಡದು ಮಾಡಿ ನೋಡಬಹುದು. ಅಂಗಿಯ ಗುಂಡಿಯೂ ಹರಿದ ಷೂಸಿನ ಅಟ್ಟೆಯೂ ಎಣಿಸುವಂತೆ ಕಾಣುತ್ತವೆ.

ಡಂಕರರ ಪ್ರಾರ್ಥನಾಮಂದಿರ 1921ರ ಬಿರುಗಾಳಿಗೆ ಬಿದ್ದಿತು; ಅದನ್ನು 1962ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಉತ್ತರದ ಯೋಧರಿಗಾಗಿ ಶಾರ್ಪ್ಸ್‌ಬರ್ಗಿನಲ್ಲಿ ಏರ್ಪಡಿಸಿದ ರಾಷ್ಟ್ರೀಯ ಸ್ಮಶಾನದಲ್ಲಿ 4,776 ಗೋರಿಗಳಿವೆ; ಅವುಗಳಲ್ಲಿ 1,836 ಹೆಸರಿಲ್ಲದವು. ದಕ್ಷಿಣದವರನ್ನು ಅಲ್ಲಿಗೆ ಸೇರಿಸಿಕೊಳ್ಳಲಿಲ್ಲ. ಹೊಲಗಳ ಅಂಚಿನ ಮೇಲುಮೇಲಿನ ಕುಳಿಗಳಲ್ಲಿ ಹಲವು ವರ್ಷ ಬಿದ್ದಿದ್ದ ಅವರ ಎಲುಬುಗಳನ್ನು 1870ರ ದಶಕದಲ್ಲಿ ಆಯ್ದು ಹೇಗರ್ಸ್‌ಟೌನಿನ ಸ್ಮಶಾನಕ್ಕೆ ಒಯ್ದರು. ಎರಡು ಸಾವಿರಕ್ಕೂ ಮಿಕ್ಕಿದ ಅವರಲ್ಲಿ ಹೆಸರು ತಿಳಿದವರು ಕೆಲವರೇ.

ಗಾರ್ಡ್ನರನ ಆಂಟೀಟಮ್ ಚಿತ್ರಗಳಲ್ಲಿ ಒಂದಕ್ಕೆ ಅವನು ‘ವ್ಯತ್ಯಾಸ’ ಎಂಬರ್ಥದ ಹೆಸರಿಟ್ಟಿದ್ದನು. ಅದರಲ್ಲಿ ಆಗತಾನೇ ಮಣ್ಣು ಎಳೆದ ಒಂದು ಗೋರಿಯಿದೆ. ತಲೆಯ ಬಳಿ ನೆಟ್ಟ ಹಲಗೆಯ ಮೇಲೆ ಏಳನೆಯ ಮಿಶಿಗನ್ ಪದಾತಿದಳದ ಲೆಫ್ಟಿನೆಂಟ್ ಜಾನ್ ಕ್ಲಾರ್ಕನ ಹೆಸರನ್ನು ಅವನ ಸಂಗಡಿಗರು ಬರೆದಿದ್ದಾರೆ. ಗೋರಿಯ ಮಗ್ಗುಲಲ್ಲಿಯೇ ಹೂಳದೆ ಬಿಟ್ಟ ದಕ್ಷಿಣದ ಹುಡುಗನೊಬ್ಬನು ಅಂಗಾತ ಮಲಗಿದ್ದಾನೆ. ಸ್ಟೀರಿಯೋಸ್ಕೋಪಿನಲ್ಲಿ ನೋಡುವವರಿಗೆ ಹಲಗೆ ಹಿಂದಕ್ಕೆ ಸರಿದು, ಹುಡುಗ ಕೈಗೆಟಕುವಷ್ಟು ಹತ್ತಿರಕ್ಕೆ ಬರುತ್ತಾನೆ. ಅವನ ಹೆಸರು ಎಲ್ಲಿಯೂ ದಾಖಲಾಗಿಲ್ಲ.